ಬೇರಂಬಾಡಿಯ ನೀರು, ಬೇಡರಪುರದ ತರಗತಿ

ಉಪ ಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಂಪುಟ ಉಪಸಮಿತಿ 2025ರ ಫೆಬ್ರುವರಿಯಲ್ಲಿ ಹೊಸ ವಿಶ್ವವಿದ್ಯಾಲಯಗಳ ಲೆಕ್ಕ ತೆಗೆದು ಕೂತಿತು. ಹತ್ತರಲ್ಲಿ ಬೀದರ್ ಒಂದನ್ನು ಉಳಿಸಿಕೊಂಡು ಮಿಕ್ಕ ಒಂಬತ್ತನ್ನು ಹಳೆಯ ವಿಶ್ವವಿದ್ಯಾಲಯಗಳಿಗೇ ಸೇರಿಸಿಬಿಡುವ ಮಾತು ಅಲ್ಲಿಂದ ಹೊರಬಂತು. ಆ ಒಂಬತ್ತರಲ್ಲಿ ಚಾಮರಾಜನಗರವೂ ಇತ್ತು. ಜಿಲ್ಲೆ ಜಿಲ್ಲೆಗಳಲ್ಲಿ ಪ್ರತಿಭಟನೆಗಳಾದವು, ಪತ್ರಿಕೆಗಳಲ್ಲಿ ಲೇಖನಗಳು ಬಂದವು. ಪರವಾಗಿ ಮಾತಾಡಿದವರೂ ವಿರೋಧವಾಗಿ ಮಾತಾಡಿದವರೂ ಬಹುತೇಕ ಕೇಳಿದ್ದು ಒಂದೇ ಪ್ರಶ್ನೆ: ದುಡ್ಡು ಎಲ್ಲಿಂದ ತರುವುದು? ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಚಾಮರಾಜನಗರದಂಥ ಊರಿನಲ್ಲಿ ವಿಶ್ವವಿದ್ಯಾಲಯಕ್ಕೆ ಏನು ಕೆಲಸ? ಕೆಲಸ ಗೊತ್ತಾದರೆ ದುಡ್ಡು ಎಷ್ಟು ಬೇಕೆಂಬುದು ಗೊತ್ತಾಗುತ್ತದೆ. ಕೆಲಸವನ್ನೇ ಹೇಳದೆ ಕೊಟ್ಟ ದುಡ್ಡು ಎಷ್ಟಿದ್ದರೂ ಸಾಲದು.

ಮೊದಲು ಈ ವಿಶ್ವವಿದ್ಯಾಲಯ ಹುಟ್ಟಿದ ಬಗೆ. ಚಾಮರಾಜನಗರ ಪಟ್ಟಣದ ಹೊರಗೆ ಬೇಡರಪುರದ ಬಳಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿತ್ತು. ಡಾ. ಬಿ.ಆರ್. ಅಂಬೇಡ್ಕರ್ ಹೆಸರಿನ ಈ ಕೇಂದ್ರದ ಆವರಣವನ್ನು ಸುವರ್ಣ ಗಂಗೋತ್ರಿ ಎಂದು ಕರೆಯುತ್ತಾರೆ. 2022ರಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಗೆ ತಿದ್ದುಪಡಿ ತಂದು ಚಾಮರಾಜನಗರ, ಹಾಸನ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್ ಹೀಗೆ ಏಳು ಜಿಲ್ಲೆಗಳಿಗೆ ಒಂದೊಂದು ವಿಶ್ವವಿದ್ಯಾಲಯ ಕೊಟ್ಟಿತು; ಮೇಲೆ ಹೇಳಿದ ಹತ್ತರಲ್ಲಿ ಏಳು ಇವೇ. ಇದ್ದ ಕೇಂದ್ರಕ್ಕೆ ಹೊಸ ಬೋರ್ಡು ಬಂತು. 2023ರಲ್ಲಿ ಮೊದಲ ಕುಲಪತಿ ಬಂದರು. ಆರಂಭಕ್ಕೆ ಸಿಕ್ಕಿದ್ದು ತಲಾ 2 ಕೋಟಿ ರೂಪಾಯಿ.

ಸ್ನಾತಕೋತ್ತರ ಕೇಂದ್ರ ಬೆಳೆದು ವಿಶ್ವವಿದ್ಯಾಲಯವಾಗುವುದು ನಮ್ಮ ನಾಡಿಗೆ ಹೊಸದೇನಲ್ಲ. 1968ರಲ್ಲಿ ಮೈಸೂರು ವಿಶ್ವವಿದ್ಯಾಲಯ ಮಂಗಳೂರಿನಲ್ಲಿ ಸ್ನಾತಕೋತ್ತರ ಕೇಂದ್ರ ತೆರೆದಾಗ ಎಸ್.ವಿ. ಪರಮೇಶ್ವರ ಭಟ್ಟರಂಥ ಮೇಷ್ಟ್ರನ್ನು ಅಲ್ಲಿಗೆ ಕಳಿಸಿತು. ಹನ್ನೆರಡು ವರ್ಷ ಕಳೆದು 1980ರಲ್ಲಿ ಅದೇ ಮಂಗಳೂರು ವಿಶ್ವವಿದ್ಯಾಲಯವಾಯಿತು. ಗುಲಬರ್ಗಾ, ಕುವೆಂಪು ವಿಶ್ವವಿದ್ಯಾಲಯಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಆದರೆ ಅಲ್ಲಿ ಮೊದಲು ಮೇಷ್ಟ್ರುಗಳು ಬಂದರು, ವಿಭಾಗಗಳು ಬೇರು ಬಿಟ್ಟವು, ಆಮೇಲೆ ಬೋರ್ಡು ಬದಲಾಯಿತು. ಈ ಸಲ ಬೋರ್ಡು ಮೊದಲು ಬದಲಾಗಿದೆ. ಒಂಬತ್ತನ್ನು ಹಳೆಯವಕ್ಕೇ ಸೇರಿಸಿಬಿಡಿ ಎಂದ ಉಪಸಮಿತಿಯ ಮಾತಿನಲ್ಲಿ ನಿಜ ಇರುವುದು ಇಲ್ಲಿ, ಅದನ್ನು ಒಪ್ಪಿಕೊಂಡೇ ಮುಂದಕ್ಕೆ ಹೋಗಬೇಕು.

ರಾಜ್ಯದ ಒಂದು ವಿಶ್ವವಿದ್ಯಾಲಯಕ್ಕೆ ಹಣ ಬರುವುದು ಹೇಗೆ ಎಂಬುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಸರ್ಕಾರ ಸಂಬಳದ ಅನುದಾನ ಕೊಡುತ್ತದೆ, ಅದೂ ಮಂಜೂರಾದ ಹುದ್ದೆಗಳಿದ್ದರೆ. ಉಳಿದದ್ದು ಸಂಯೋಜಿತ ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕ, ಡಿಗ್ರಿ ಹುಡುಗರು ಸೆಮಿಸ್ಟರಿಗೊಮ್ಮೆ ಕಟ್ಟುವ ಪರೀಕ್ಷಾ ಶುಲ್ಕ, ಅಂಕಪಟ್ಟಿಯ ಶುಲ್ಕ. ನೂರಾರು ಕಾಲೇಜುಗಳಿರುವ ವಿಶ್ವವಿದ್ಯಾಲಯಕ್ಕೆ ಇದು ದೊಡ್ಡ ಆದಾಯ. ಐದು ತಾಲ್ಲೂಕುಗಳ ಸಣ್ಣ ಜಿಲ್ಲೆಗೆ ಇದರಿಂದ ಆಫೀಸು ನಡೆಸುವುದೇ ಕಷ್ಟ. ದೆಹಲಿಯ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಹಣ ಬರಬೇಕಾದರೆ ಅದರ ಕಾಯ್ದೆಯ 12ಬಿ ಮಾನ್ಯತೆ ಬೇಕು. ಆ ಮಾನ್ಯತೆಗೆ ಕಾಯಂ ಅಧ್ಯಾಪಕರು, ಗ್ರಂಥಾಲಯ, ಪ್ರಯೋಗಾಲಯ ಇರಬೇಕು. ಅವಕ್ಕೆ ಹಣ ಬೇಕು. ಈ ಸುಳಿಯಲ್ಲಿ ಸಿಕ್ಕಿಕೊಂಡ ಸಂಸ್ಥೆ ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡು ದಿನ ದೂಡುತ್ತದೆ. ಗಂಟೆ ಲೆಕ್ಕದ ಸಂಬಳಕ್ಕೆ ಪಾಠ ಹೇಳುವ, ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಗೊತ್ತಿರದ ಯುವಕರಿಂದ ಹತ್ತು ವರ್ಷದ ಸಂಶೋಧನೆಯನ್ನು ನಿರೀಕ್ಷಿಸುವುದು ಅನ್ಯಾಯ. ಕೊನೆಗೆ ವಿಶ್ವವಿದ್ಯಾಲಯಕ್ಕೆ ಉಳಿಯುವುದು ಪ್ರಶ್ನೆಪತ್ರಿಕೆ ಅಚ್ಚು ಹಾಕಿಸುವುದು, ಉತ್ತರ ಪತ್ರಿಕೆ ತಿದ್ದಿಸುವುದು, ಸರ್ಟಿಫಿಕೇಟು ಕೊಡುವುದು. ಬರೀ ಇಷ್ಟೇ ಆದರೆ ಅದನ್ನು ಮೈಸೂರೇ ಮಾಡಬಹುದಲ್ಲ ಎಂಬ ವಾದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಆದರೆ ವಿಶ್ವವಿದ್ಯಾಲಯ ಎಂದರೆ ಇಷ್ಟೇ ಅಲ್ಲ ಎಂದು ನಮಗೆ ತೋರಿಸಿಕೊಟ್ಟದ್ದೂ ಮೈಸೂರೇ. 1916ರ ಜುಲೈ 27ರಂದು ಅದು ಶುರುವಾಗುವ ಮುಂಚೆ ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಪರೀಕ್ಷೆ, ಪದವಿ, ಪಠ್ಯ ಎಲ್ಲ ಅಲ್ಲಿಂದಲೇ. ಮದ್ರಾಸಿನದು ದೊಡ್ಡದು, ಹಳೆಯದು, ಹೆಸರಾದದ್ದು. ದುಡ್ಡಿನ ಲೆಕ್ಕ ಒಂದನ್ನೇ ಹಾಕಿದ್ದರೆ ಅದನ್ನು ಬಿಟ್ಟು ಬರಲು ಕಾರಣವೇ ಇರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯ ಬೇರೆ ಲೆಕ್ಕ ಹಾಕಿದರು. ಥಾಮಸ್ ಡೆನ್‌ಹ್ಯಾಮ್ ಮತ್ತು ಸಿ.ಆರ್. ರೆಡ್ಡಿ ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯಗಳನ್ನು ನೋಡಿ ವರದಿ ಕೊಟ್ಟರು. ಅವರಿಗೆ ಮಾದರಿಯಾಗಿ ಕಂಡವು ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎರಡೇ ಅಲ್ಲ. ಅಮೆರಿಕದ ವಿಸ್ಕಾನ್ಸಿನ್ ಎಂಬ ಒಕ್ಕಲುತನದ ರಾಜ್ಯದ ವಿಶ್ವವಿದ್ಯಾಲಯವೂ ಇತ್ತು. ಅಲ್ಲಿ ಪ್ರಾಧ್ಯಾಪಕರು ಹಾಲಿನ ಕೊಬ್ಬು ಅಳೆಯುವ ವಿಧಾನ ಕಂಡುಹಿಡಿದು ರೈತನ ಕೊಟ್ಟಿಗೆಯ ತನಕ ಮುಟ್ಟಿಸಿದ್ದರು, ಸರ್ಕಾರಕ್ಕೆ ಕಾನೂನು ಬರೆದುಕೊಡಲು ನೆರವಾಗಿದ್ದರು. ರಾಜ್ಯದ ಗಡಿ ಎಲ್ಲಿದೆಯೋ ವಿಶ್ವವಿದ್ಯಾಲಯದ ಗಡಿಯೂ ಅಲ್ಲೇ ಎಂಬುದು ಅವರ ನಂಬಿಕೆ.

ಮೈಸೂರು ಆ ನಂಬಿಕೆಯನ್ನು ಕನ್ನಡದಲ್ಲಿ ಆಚರಣೆಗೆ ತಂದಿತು. 1930ರ ದಶಕದಲ್ಲಿ ಶುರುವಾದ ಪ್ರಚಾರೋಪನ್ಯಾಸಗಳಲ್ಲಿ ಪ್ರಾಧ್ಯಾಪಕರು ಸಣ್ಣ ಊರುಗಳಿಗೆ ಹೋಗಿ ವಿಜ್ಞಾನ, ಚರಿತ್ರೆ, ಆರೋಗ್ಯದ ಬಗ್ಗೆ ಜನಕ್ಕೆ ತಿಳಿಯುವ ಮಾತಿನಲ್ಲಿ ಹೇಳಿದರು. ಆ ಉಪನ್ಯಾಸಗಳು ಪುಟ್ಟ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಮಾರಾಟವಾದವು. ಆ ಹೊತ್ತಿನಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಜಿಲ್ಲೆ ಬೇರೆಯಾದದ್ದು 1997ರಲ್ಲಿ. ಮೈಸೂರಿಗೆ ಅಂದು ಮದ್ರಾಸು ಎಷ್ಟು ದೂರವಾಗಿತ್ತೋ ಚಾಮರಾಜನಗರಕ್ಕೆ ಇಂದು ಮೈಸೂರು ಅಷ್ಟು ದೂರವಿಲ್ಲ, ಅರವತ್ತೇ ಕಿಲೋಮೀಟರು. ಆದರೆ ಮೈಸೂರಿನ ವಿದ್ವಾಂಸರ ದಿನನಿತ್ಯದ ಯೋಚನೆಯಲ್ಲಿ ಈ ಜಿಲ್ಲೆ ಎಷ್ಟು ದೂರ ಇದೆ ಎಂಬುದಕ್ಕೆ ಕಿಲೋಮೀಟರಿನ ಲೆಕ್ಕ ಸಾಲದು.

ಗುಂಡ್ಲುಪೇಟೆಯ ಒಂದು ಉದಾಹರಣೆ ಕೊಡುತ್ತೇನೆ. ಪಟ್ಟಣದಿಂದ ಪಶ್ಚಿಮಕ್ಕೆ, ಬಂಡೀಪುರದ ಕಾಡಂಚಿನಲ್ಲಿ ಬೇರಂಬಾಡಿ ಇದೆ. ಈ ಊರಿನ ಹೆಸರು ಜಗತ್ತಿನ ಜಲವಿಜ್ಞಾನಿಗಳಿಗೆ ಚೆನ್ನಾಗಿ ಗೊತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ಸಂಶೋಧನಾ ಸಂಸ್ಥೆಗಳು ಜತೆಗೂಡಿ ಇಲ್ಲಿ ಮಳೆ, ಮಣ್ಣಿನ ತೇವ, ಬೋರ್‌ವೆಲ್ ನೀರಿನ ಮಟ್ಟ, ಬೆಳೆ ಎಲ್ಲವನ್ನೂ ವರ್ಷಾನುಗಟ್ಟಲೆ ಅಳೆದಿವೆ. ಸುಮಾರು 84 ಚದರ ಕಿಲೋಮೀಟರಿನ ಬೇರಂಬಾಡಿ ಜಲಾನಯನ ಪ್ರದೇಶ ಒಂದು ಕಡೆ. ಕೇರಳದ ಗಡಿಯ ಚೆಕ್‌ಪೋಸ್ಟ್ ಇರುವ ಮೂಲೆಹೊಳೆಯ ಸಣ್ಣ ಕಾಡು ಜಲಾನಯನ ಇನ್ನೊಂದು ಕಡೆ. ಒಂದರಲ್ಲಿ ಬೇಸಾಯ, ಇನ್ನೊಂದರಲ್ಲಿ ಬರೀ ಕಾಡು. ನೆಲದಡಿಯ ಕಲ್ಲು ಎರಡರಲ್ಲೂ ಒಂದೇ ಜಾತಿಯದು. ಹಾಗಾಗಿ ಮನುಷ್ಯ ಉತ್ತು ಬಿತ್ತು ನೀರೆತ್ತಿದರೆ ಏನಾಗುತ್ತದೆ, ಮುಟ್ಟದೆ ಬಿಟ್ಟರೆ ಏನಾಗುತ್ತದೆ ಎಂದು ಹೋಲಿಸಿ ನೋಡಬಹುದು.

ಆ ಅಧ್ಯಯನಗಳಿಂದ ತಿಳಿದದ್ದು ಬೆರಗು ಹುಟ್ಟಿಸುತ್ತದೆ. ಮೂಲೆಹೊಳೆಯ ಕಾಡಿನಲ್ಲಿ ಬಿದ್ದ ಮಳೆಯಲ್ಲಿ ಬಹುಪಾಲನ್ನು ಮರಗಿಡಗಳೇ ಹೀರಿ ಗಾಳಿಗೆ ಬಿಡುತ್ತವೆ. ಬೇರುಗಳು ನಾವು ಅಂದುಕೊಂಡದ್ದಕ್ಕಿಂತ ಆಳಕ್ಕೆ ಹೋಗಿ, ಕೊಳೆತ ಕಲ್ಲಿನ ಪದರದಲ್ಲಿ ಉಳಿದ ತೇವವನ್ನೂ ಎಳೆಯುತ್ತವೆ. ಅಂತರ್ಜಲಕ್ಕೆ ಇಳಿಯುವುದು ತೀರಾ ಸ್ವಲ್ಪ. ಬೇರಂಬಾಡಿಯ ಹೊಲಗಳ ಕಡೆಯಲ್ಲಾದರೋ ಬೋರ್‌ವೆಲ್‌ಗಳು ಬಂದ ಮೇಲೆ ನೀರಿನ ಮಟ್ಟ ಹಳ್ಳದ ತಳಕ್ಕಿಂತ ಎಷ್ಟೋ ಕೆಳಗೆ ಇಳಿದುಹೋಗಿದೆ. ಹಿಂದೆ ಒರತೆಯಿಂದ ಹರಿಯುತ್ತಿದ್ದ ಹಳ್ಳಗಳಿಗೆ ಈಗ ಒರತೆಯ ಆಸರೆ ಇಲ್ಲ. ಮೇಲಿನ ಊರಿನಲ್ಲಿ ಒಂದು ಮಟ್ಟ, ಕೆಳಗಿನ ಊರಿನಲ್ಲಿ ಇನ್ನೊಂದು. ಅರ್ಧ ಗಂಟೆ ನಡೆಯುವ ಅಂತರದಲ್ಲಿ ಒಬ್ಬನ ಬೋರು ತುಂಬಿರುತ್ತದೆ, ಇನ್ನೊಬ್ಬನದು ಹೊಗೆ ಉಗುಳುತ್ತದೆ. ಕಾರಣ ಅಡಿಯ ಕಲ್ಲಿನಲ್ಲಿದೆ, ಮೇಲಿನ ಮಣ್ಣಿನಲ್ಲಿದೆ, ಅಲ್ಲಿ ಎಷ್ಟು ಪಂಪು ಓಡುತ್ತಿವೆ ಎಂಬುದರಲ್ಲಿದೆ.

ಗುಂಡ್ಲುಪೇಟೆ ತಾಲ್ಲೂಕು ಅಂತರ್ಜಲವನ್ನು ಅತಿಯಾಗಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿದೆ. ಇಲ್ಲಿ ಬೋರ್ ಹಾಕಿಸುವ ರೈತ ಸಾಲ ಮಾಡಿ, ತೆಂಗಿನಕಾಯಿ ಹಿಡಿದು ಪಾಯಿಂಟು ನೋಡುವವನನ್ನು ಕರೆತಂದು, ದೇವರ ಮೇಲೆ ಭಾರ ಹಾಕಿ ಕೊರೆಸುತ್ತಾನೆ. ನೀರು ಸಿಗದಿದ್ದರೆ ಪಕ್ಕದ ಹೊಲದಲ್ಲಿ ಮತ್ತೊಂದು. ಅದೇ ನೆಲದ ಬಗ್ಗೆ ಇಷ್ಟು ನಿಖರವಾದ ತಿಳಿವಳಿಕೆ ಇಂಗ್ಲಿಷಿನ ವಿಜ್ಞಾನ ಪತ್ರಿಕೆಗಳಲ್ಲಿ ಅಚ್ಚಾಗಿದೆ. ಇದು ಆ ವಿಜ್ಞಾನಿಗಳ ತಪ್ಪಲ್ಲ. ಅವರು ತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡಿದ್ದಾರೆ. ಅವರ ತಿಳಿವಳಿಕೆಯನ್ನು ತೆಗೆದುಕೊಂಡು ಗುಂಡ್ಲುಪೇಟೆಯ ಕನ್ನಡಕ್ಕೆ ತಂದು, ಹಂಗಳದಲ್ಲೋ ತೆರಕಣಾಂಬಿಯಲ್ಲೋ ಕೂತು ರೈತನಿಗೆ ಅವನ ಹೊಲದ ನಕ್ಷೆ ತೋರಿಸಿ ಮಾತಾಡುವ, ಆಮೇಲೂ ಪ್ರತಿ ವರ್ಷ ಅಳತೆ ಮುಂದುವರಿಸುವ ಸಂಸ್ಥೆಯೊಂದು ಇಲ್ಲೇ ಇರಬೇಕು. ಅದು ಬೇರೆ ಯಾರ ಕೆಲಸ? ಕೃಷಿ ಇಲಾಖೆಗೆ ಯೋಜನೆ ಜಾರಿ ಮಾಡುವ ಕೆಲಸವಿದೆ. ಬೆಂಗಳೂರಿನ ಸಂಸ್ಥೆಗೆ ದೇಶದ ಕೆಲಸವಿದೆ. ಈ ಜಿಲ್ಲೆಯನ್ನು ತನ್ನ ಪಾಠವಾಗಿ, ತನ್ನ ಜವಾಬ್ದಾರಿಯಾಗಿ ಇಟ್ಟುಕೊಳ್ಳಬೇಕಾದದ್ದು ಬೇಡರಪುರದ ವಿಶ್ವವಿದ್ಯಾಲಯ.

ನೀರಿನ ಹಾಗೆಯೇ ಅರಿಶಿನ. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಅರಿಶಿನ ಬೇಯಿಸಿ, ಒಣಗಿಸಿ, ಪಾಲಿಷ್ ಆಗಿ ಮೂಟೆಗಳಲ್ಲಿ ಈರೋಡಿಗೆ ಹೋಗುತ್ತದೆ. ಅಲ್ಲಿ ಕೊಂಬು ಮುರಿದು ಒಳಗಿನ ಬಣ್ಣ ನೋಡಿ ವ್ಯಾಪಾರಿ ಬೆಲೆ ಕಟ್ಟುತ್ತಾನೆ. ಔಷಧದ ಕಂಪನಿಗಳು ಕೇಳುವುದು ಬೇರೆ, ಅದರಲ್ಲಿ ಕುರ್ಕುಮಿನ್ ಶೇಕಡ ಎಷ್ಟಿದೆ ಎಂದು. ಅದನ್ನು ತಿಳಿಯುವುದು ದೊಡ್ಡ ರಹಸ್ಯವೇನಲ್ಲ. ಅರಿಶಿನದ ಪುಡಿಯನ್ನು ತೂಗಿ, ಆಲ್ಕೋಹಾಲಿನಲ್ಲಿ ಕರಗಿಸಿ ಸೋಸಿ, ಬಣ್ಣದ ತೀವ್ರತೆಯನ್ನು ಸ್ಪೆಕ್ಟ್ರೋಫೋಟೋಮೀಟರ್ ಎಂಬ ಯಂತ್ರದಲ್ಲಿ ಅಳೆದರೆ ಆಯಿತು. ರಸಾಯನಶಾಸ್ತ್ರ ಕಲಿಸುವ ಯಾವುದೇ ಒಳ್ಳೆಯ ಸ್ನಾತಕೋತ್ತರ ಪ್ರಯೋಗಾಲಯದಲ್ಲಿ ಎಂ.ಎಸ್ಸಿ. ವಿದ್ಯಾರ್ಥಿನಿ ಒಂದು ಮಧ್ಯಾಹ್ನದಲ್ಲಿ ಮಾಡಬಹುದಾದ ಕೆಲಸ. ಯಾವ ಹೋಬಳಿಯ ಮಣ್ಣಿನಲ್ಲಿ, ಯಾವ ತಳಿಯಲ್ಲಿ, ಎಷ್ಟು ಹೊತ್ತು ಬೇಯಿಸಿದರೆ ಬಣ್ಣ ಉಳಿಯುತ್ತದೆ ಎಂದು ಹತ್ತು ಬ್ಯಾಚಿನ ವಿದ್ಯಾರ್ಥಿಗಳು ಹತ್ತು ವರ್ಷ ಅಳೆದರೆ ಅಂಥ ದಾಖಲೆ ಈರೋಡಿನ ವ್ಯಾಪಾರಿಯ ಬಳಿಯೂ ಇರುವುದಿಲ್ಲ. ಮುಂದಿನ ಮಾರುಕಟ್ಟೆಗೆ ಹೋಗುವಾಗ ರೈತನ ಕೈಯಲ್ಲಿ ಒಂದು ಕಾಗದ ಇರುತ್ತದೆ. ಹಾಲಿನ ಕೊಬ್ಬು ಅಳೆದ ವಿಸ್ಕಾನ್ಸಿನ್ ಮಾಡಿದ್ದು ಇದನ್ನೇ.

ಕಲ್ಲಿನ ಮಾತು ಇನ್ನಷ್ಟು ಕಹಿ. 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿ ಗುಡ್ಡದ ಕ್ವಾರಿ ಕುಸಿದು ಕೂಲಿ ಕಾರ್ಮಿಕರು ಸತ್ತರು. ಕರಿಕಲ್ಲಿಗೆ ಹೆಸರಾದ ಜಿಲ್ಲೆಯಲ್ಲಿ ಗುಡ್ಡದ ಇಳಿಜಾರು ಯಾವಾಗ ಅಪಾಯದ ಅಂಚಿಗೆ ಬರುತ್ತದೆ ಎಂದು ನೋಡಬಲ್ಲ ಭೂವಿಜ್ಞಾನಿಗಳು ಇಲ್ಲೇ ತಯಾರಾಗಬೇಕಲ್ಲವೇ?

ಇನ್ನು ಕಾಡು. ಜಿಲ್ಲೆಯ ಅರ್ಧದಷ್ಟು ನೆಲ ಕಾಡು. ಬಂಡೀಪುರ 1973ರಿಂದಲೇ ಹುಲಿ ಯೋಜನೆಯಲ್ಲಿದೆ, ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಬೆಟ್ಟದ ಬುಡಕಟ್ಟು ಜನರಾದ ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಪತ್ರಗಳು ಸಿಕ್ಕವು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು. ಬೇಸಿಗೆಗೆ ಮುಂಚೆ ಒಣ ತರಗಿಗೆ ಸಣ್ಣ ಬೆಂಕಿ ಕೊಡುತ್ತಿದ್ದ ತರಗು ಬೆಂಕಿಯ ಪದ್ಧತಿ ನಿಂತ ಮೇಲೆ ಲಂಟಾನ ಕಳೆ ಹಬ್ಬಿತು ಎಂದು ಸೋಲಿಗರು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ಅವರ ಮಾತನ್ನು ವಿಜ್ಞಾನದ ಕಣ್ಣಿಂದ ಪರಿಶೀಲಿಸಿ ಬರೆದವರು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು. ಸೋಲಿಗರಲ್ಲೇ ಮೊದಲಿಗೆ ಪಿಎಚ್‌.ಡಿ. ಪಡೆದ ಸಿ. ಮಾದೇಗೌಡರು ಈ ಸಂಸ್ಥೆಯ ಜತೆ ಕೆಲಸ ಮಾಡಿದವರು. ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ 1981ರಿಂದ ಬೆಟ್ಟದಲ್ಲಿ ಶಾಲೆ, ಆಸ್ಪತ್ರೆ ನಡೆಸುತ್ತ ಕುಡುಗೋಲು ಕಣ ರಕ್ತಹೀನತೆಯಂಥ ಕಾಯಿಲೆಗಳನ್ನು ಗುರುತಿಸಿತು. ಮಾದೇಶ್ವರನ ಕಾವ್ಯ, ಮಂಟೇಸ್ವಾಮಿಯ ಕಾವ್ಯಗಳನ್ನು ಅವನ್ನು ಹಾಡುವ ದೇವರಗುಡ್ಡರ, ನೀಲಗಾರರ ಬಾಯಿಂದ ಬರೆದುಕೊಂಡು 1997ರಲ್ಲಿ ದಪ್ಪ ಸಂಪುಟಗಳಾಗಿ ಹೊರತಂದದ್ದು ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಇವರೆಲ್ಲರಿಗೂ ಈ ಜಿಲ್ಲೆ ಋಣಿ. ಆದರೆ ಗಮನಿಸಿ, ಕಾಡು, ನೀರು, ಹಾಡು ಯಾವುದರಲ್ಲೇ ಆಗಲಿ ಚಾಮರಾಜನಗರ ಅಧ್ಯಯನಕ್ಕೆ ವಸ್ತುವಾಗಿದೆ. ಅಧ್ಯಯನ ಮಾಡುವ ಸ್ಥಳವಾಗುವುದು ಇನ್ನೂ ಬಾಕಿ ಇದೆ. ಹಾಡುವ ನೀಲಗಾರನ ಮೊಮ್ಮಗ ಚಿಕ್ಕಲ್ಲೂರು ಜಾತ್ರೆಯಿಂದ ಬಂದು ತರಗತಿಯಲ್ಲಿ ಕೂತು, ತಾತನ ಹಾಡನ್ನು ತಾನೇ ದಾಖಲಿಸಿ ಅದರ ಮೇಲೆ ಪ್ರಬಂಧ ಬರೆದರೆ ನಮಗೆ ಈಗ ಕಾಣದ ಸಂಗತಿಗಳು ಅದರಲ್ಲಿ ಬರುತ್ತವೆ.

ಆ ಮೊಮ್ಮಗ ಬೇಡರಪುರದ ತನಕ ಬರುತ್ತಾನೆಯೇ ಎಂಬುದೂ ಕೇಳಬೇಕು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 61.43. ಆಗ ರಾಜ್ಯದ್ದು ಶೇ 75ಕ್ಕಿಂತ ಮೇಲಿತ್ತು. ನೂರು ಜನರಲ್ಲಿ ಇಪ್ಪತ್ತೈದು ಮಂದಿ ಪರಿಶಿಷ್ಟ ಜಾತಿಯವರು, ಹನ್ನೊಂದು ಹನ್ನೆರಡು ಮಂದಿ ಪರಿಶಿಷ್ಟ ಪಂಗಡದವರು. ಡಿಗ್ರಿ ಮುಗಿಸಿದವರೆಂದರೆ ಆ ಮನೆಗೆ, ಎಷ್ಟೋ ಸಲ ಆ ಬೀದಿಗೇ ಮೊದಲಿಗರು. ಗುಂಡ್ಲುಪೇಟೆಯಿಂದ ಮೈಸೂರಿಗೆ ಅರವತ್ತು ಕಿಲೋಮೀಟರು, ರೈಲಿಲ್ಲ. ಬೆಳಗಿನ ಬಸ್ಸಿನಲ್ಲಿ ನಿಂತೇ ಹೋಗುವ ಹುಡುಗಿಯರು ಬೇಗೂರು ದಾಟುವಷ್ಟರಲ್ಲಿ ಬ್ಯಾಗನ್ನು ಕೂತವರ ಮಡಿಲಿಗೆ ಕೊಟ್ಟು ಕಂಬಿ ಹಿಡಿದು ನೋಟ್ಸ್ ಓದುತ್ತಿರುತ್ತಾರೆ. ಮೈಸೂರಿನಲ್ಲಿ ರೂಮು ಮಾಡಿಕೊಡುವ ಶಕ್ತಿ ಇಲ್ಲದ, ಹಾಸ್ಟೆಲ್ ಸಿಗದಿದ್ದರೆ ಎಂ.ಎ. ಬೇಡ ಎನ್ನುವ ತಂದೆ ತಾಯಿಗಳಿಗೆ ಮೂವತ್ತು ಚಿಲ್ಲರೆ ಕಿಲೋಮೀಟರಿನ ಚಾಮರಾಜನಗರ ಮಗಳ ಓದನ್ನು ಉಳಿಸುವ ದಾರಿ. ಗಡಿಯಾಚೆ ತಮಿಳುನಾಡಿನಲ್ಲಿ ಸೇರಿಹೋದ ತಾಳವಾಡಿ ಸೀಮೆಯ ಕನ್ನಡದ ಮಕ್ಕಳಿಗೂ ಇದೇ ಹತ್ತಿರದ ಕನ್ನಡ ನಾಡಿನ ವಿಶ್ವವಿದ್ಯಾಲಯ. ಆ ಮಕ್ಕಳಿಗೆ ಇಲ್ಲಿ ಸಲೀಸಾಗಿ ಸೀಟು, ಹಾಸ್ಟೆಲ್ ಸಿಗುವಂತೆ ಮಾಡುವುದು ಗಡಿನಾಡ ಕನ್ನಡದ ಬಗ್ಗೆ ನಾವು ಮಾಡುವ ಭಾಷಣಗಳಿಗಿಂತ ಉಪಯೋಗಕ್ಕೆ ಬರುತ್ತದೆ.

"ಅಲ್ಲಿ ಓದುದ್ರೆ ಕೆಲ್ಸ ಸಿಕ್ಕದಾ ಸಾ? ಮೈಸೂರು ಅಂತ ಇದ್ರೆ ಒಂದು ಬೆಲೆ" ಎಂದು ಊರಿನವರು ಕೇಳುತ್ತಾರೆ. ಇದನ್ನು ಕೀಳರಿಮೆ ಎಂದು ತಳ್ಳಿಹಾಕಬಾರದು. ಹೊಲ ಅಡವಿಟ್ಟು ಓದಿಸುವವರಿಗೆ ಈ ಪ್ರಶ್ನೆ ಕೇಳುವ ಹಕ್ಕಿದೆ. ನೂರು ವರ್ಷದ ಹೆಸರಿಗೆ ಬೆಲೆ ಇದ್ದೇ ಇದೆ. ಹೊಸ ಹೆಸರಿಗೆ ಬೆಲೆ ಬರಬೇಕಾದರೆ ಇಲ್ಲಿ ಮಾತ್ರ ಕಲಿಯಲು ಸಿಗುವುದು ಏನಾದರೂ ಇರಬೇಕು. ಎಲ್ಲ ಕಡೆ ಇರುವ ಎಂ.ಕಾಂ. ಇಲ್ಲೂ ಇರಲಿ, ಅದಕ್ಕೆ ವಿದ್ಯಾರ್ಥಿಗಳಿದ್ದಾರೆ. ಅದರ ಜತೆಗೆ ಕಾಡು ಮತ್ತು ಕಾಡಂಚಿನ ಬದುಕು, ಅಂತರ್ಜಲ, ಬುಡಕಟ್ಟು ಆರೋಗ್ಯ, ಮೌಖಿಕ ಕಾವ್ಯ ಈ ನಾಲ್ಕನ್ನು ಕಲಿಯಬೇಕಾದರೆ ಬೆಂಗಳೂರಿನವರೂ ಚಾಮರಾಜನಗರಕ್ಕೇ ಬರಬೇಕು ಎನ್ನುವ ಹಾಗೆ ವಿಭಾಗಗಳು ಬೆಳೆದರೆ ಡಿಗ್ರಿಯ ಬೆಲೆಯ ಪ್ರಶ್ನೆ ತಾನಾಗಿ ಕರಗುತ್ತದೆ.

ಇದಕ್ಕೆ ನೂರಾರು ಎಕರೆ, ಕಮಾನು ಬಾಗಿಲು, ಹತ್ತಾರು ಬ್ಲಾಕುಗಳು ಬೇಡ. ಬೇಕಾದದ್ದು ಮೇಷ್ಟ್ರುಗಳು. ಈ ನಾಲ್ಕು ವಿಭಾಗಗಳಿಗೆ ಒಂದೊಂದಕ್ಕೆ ನಾಲ್ಕೈದರಂತೆ ಕಾಯಂ ಹುದ್ದೆ ಮಂಜೂರಾದರೆ, ಅಂದರೆ ಒಂದು ಸಾಧಾರಣ ಸರ್ಕಾರಿ ಪದವಿ ಕಾಲೇಜಿನಷ್ಟು ಸಿಬ್ಬಂದಿ ಸಿಕ್ಕರೆ, ಸಾಕು. ಪರೀಕ್ಷೆ, ಅಂಕಪಟ್ಟಿ, ಸಂಯೋಜನೆಯ ಗುಮಾಸ್ತಿಕೆಯನ್ನು ಖರ್ಚು ಉಳಿಸಲು ಮೈಸೂರಿನ ಜತೆ ಹಂಚಿಕೊಂಡರೂ ತೊಂದರೆಯಿಲ್ಲ. ಆ ಕೆಲಸ ಯಾವ ಊರಿನ ಕಂಪ್ಯೂಟರಿನಲ್ಲಿ ನಡೆದರೂ ವಿದ್ಯಾರ್ಥಿಗೆ ವ್ಯತ್ಯಾಸವಾಗುವುದಿಲ್ಲ. ಪಾಠ, ಸಂಶೋಧನೆ ಬೇಡರಪುರದಿಂದ ಕದಲಬಾರದು. ಈಗ ಎರಡನ್ನೂ ಒಂದೇ ಲೆಕ್ಕದಲ್ಲಿ ಹಿಡಿದು, ಆಫೀಸು ನಷ್ಟದಲ್ಲಿದೆ ಎಂದು ತರಗತಿಯನ್ನು ಮುಚ್ಚುವ ಮಾತಾಡುತ್ತಿದ್ದೇವೆ.

ಇದೇ ವರ್ಷ, ಯಾರ ಅನುಮತಿಗೂ ಕಾಯದೆ ಶುರು ಮಾಡಬಹುದಾದ ಒಂದು ಕೆಲಸವೂ ಇದೆ. ಸ್ನಾತಕೋತ್ತರದ ಕೊನೆಯ ಸೆಮಿಸ್ಟರಿನಲ್ಲಿ ವಿದ್ಯಾರ್ಥಿಗಳು ಬರೆಯುವ ಪ್ರಾಜೆಕ್ಟುಗಳ ವಿಷಯವನ್ನು ಜಿಲ್ಲೆಯ ಗ್ರಾಮ ಪಂಚಾಯಿತಿಗಳಿಂದ ಕೇಳಿ ತರಿಸಿಕೊಳ್ಳುವುದು. ಬರೆದದ್ದರ ಸಾರವನ್ನು ನಾಲ್ಕು ಪುಟದ ಸರಳ ಕನ್ನಡದಲ್ಲಿ ಆ ಪಂಚಾಯಿತಿಗೆ, ಅಲ್ಲಿನ ಗ್ರಂಥಾಲಯಕ್ಕೆ ಒಂದೊಂದು ಪ್ರತಿ ಕೊಟ್ಟು, ಗ್ರಾಮಸಭೆಯ ದಿನ ವಿದ್ಯಾರ್ಥಿಯೇ ಎದ್ದು ನಿಂತು ಓದಿ ಹೇಳುವುದು. ಜನ ಪ್ರಶ್ನೆ ಕೇಳುತ್ತಾರೆ, ಕೆಲವಕ್ಕೆ ವಿದ್ಯಾರ್ಥಿಗೆ ಉತ್ತರ ಗೊತ್ತಿರುವುದಿಲ್ಲ. ಆ ಪ್ರಶ್ನೆಗಳನ್ನು ಬರೆದುಕೊಂಡು ಬಂದರೆ ಮುಂದಿನ ಬ್ಯಾಚಿನವರಿಗೆ ವಿಷಯ ಹುಡುಕುವ ಕಷ್ಟ ಇರುವುದಿಲ್ಲ.